ಪಳೆಯುಳಿಕೆಯಿಲ್ಲದ ನಾಡಿನಲ್ಲಿ ಪಳೆಯುಳಿಕೆಯ ಬೇಟೆ

ಪಳೆಯುಳಿಕೆಗಳನ್ನು ಅರಸಿ ಹೊರಡುವ ಮಕ್ಕಳಿಗೆ ಅತ್ಯಂತ ನಿರಾಶಾದಾಯಕವಾದ ಪ್ರದೇಶಗಳ ಪಟ್ಟಿಯೊಂದನ್ನು ಯಾರಾದರೂ ಸಿದ್ಧಪಡಿಸುವುದಾದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳೆಂಬ ನಮ್ಮ ಮೂರು ತಾಲೂಕುಗಳಿಗೆ ಅದರಲ್ಲಿ ಗೌರವದ ಸ್ಥಾನ ದೊರೆಯುವುದರಲ್ಲಿ ಸಂದೇಹವಿಲ್ಲ. ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಹೊಲದ ಬದುವಿನಲ್ಲಿಯೇ ಕೋಟಿ ವರ್ಷಗಳ ಹಿಂದಿನ ಕಡಲ ಚಿಪ್ಪು ದೊರೆಯಬಹುದು. ತಿರುವಕ್ಕರೈಯ ಮಗುವಿಗೆ ಕಲ್ಲಾಗಿ ಬಿದ್ದಿರುವ ಮರದ ಕಾಂಡಗಳೇ ನೆರೆಹೊರೆ. ನಮ್ಮ ಮಕ್ಕಳಿಗಾದರೋ ಗುಡ್ಡ ಹತ್ತಿದರೆ ಮುರಕಲ್ಲು, ಗುಡ್ಡ ಇಳಿದರೆ ಕರಿಯ ಪಾದೆ, ತೋಡಿಗೆ ಇಳಿದರೆ ಇವೆರಡರ ಪುಡಿಯಾದ ಮರಳು.

ನನ್ನ ತಂಗಿಯ ಮಗಳು ಶಾಲೆಯ ಪುಸ್ತಕದಲ್ಲಿ ಡೈನೊಸಾರಿನ ಅಸ್ಥಿಪಂಜರದ ಚಿತ್ರವನ್ನು ಕಂಡಂದಿನಿಂದ, ಅಂಥದೊಂದು ಎಲುಬು ತಮ್ಮ ತೋಟದ ಬರೆಯಲ್ಲಿಯೂ ಹುಗಿದಿರಬೇಕೆಂಬ ನಂಬಿಕೆಯನ್ನು ತಳೆದು, ರಜೆಗೆಂದು ಹೋದ ಮಾವನಾದ ನನ್ನನ್ನು ಹಾರೆಯ ಸಮೇತ ಕರೆದೊಯ್ಯಲು ಸಿದ್ಧಳಾಗಿದ್ದಳು. "ಇಲ್ಲಿ ಅಂಥದು ಸಿಗುವುದಿಲ್ಲ ಮಗಾ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ; ಅದು ಸತ್ಯವೂ ಹೌದು. ಆದರೆ "ಎಂತಕ್ಕೆ ಸಿಗುವುದಿಲ್ಲ?" ಎಂಬ ಮರುಪ್ರಶ್ನೆಗೆ ಉತ್ತರ ಹೇಳಬೇಕಾದರೆ ಭೂಮಿಯ ಚರಿತ್ರೆಯ ಬಹುಭಾಗವನ್ನು ಹೇಳಬೇಕಾಗುತ್ತದೆ. ಸಿಕ್ಕಿದ ಎಲುಬೊಂದನ್ನು ಕೈಗೆ ಕೊಟ್ಟಿದ್ದರೆ ಅಷ್ಟನ್ನು ಹೇಳುವ ಸಂದರ್ಭವೇ ಒದಗುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಪ್ರಾಣಿಯೊಂದು ಸತ್ತೊಡನೆ ಕಲ್ಲಾಗುವುದಿಲ್ಲ. ನರಿ, ಕಾಗೆ, ಇರುವೆ, ಸೂಕ್ಷ್ಮಾಣು ಇವುಗಳೆಲ್ಲ ತಮ್ಮ ಪಾಲನ್ನು ಪಡೆಯುವುದಕ್ಕೆ ಮುಂಚೆಯೇ ಅದರ ದೇಹವು ಹೂಳಿನಲ್ಲಿಯೋ ಕೆಸರಿನಲ್ಲಿಯೋ ಹುದುಗಿಹೋಗಬೇಕು. ಮೃದುಭಾಗಗಳು ಕೊಳೆತುಹೋದ ಮೇಲೆ ಉಳಿದ ಎಲುಬು ಚಿಪ್ಪುಗಳ ಸೂಕ್ಷ್ಮರಂಧ್ರಗಳಲ್ಲಿ, ನೀರಿನಲ್ಲಿ ಕರಗಿದ್ದ ಖನಿಜಗಳು ಮೆಲ್ಲಮೆಲ್ಲನೆ ಸೇರಿ ಗಟ್ಟಿಯಾಗಬೇಕು. ಅದರ ಮೇಲೆ ಹೂಳಿನ ಪದರಗಳು ಒಂದರಮೇಲೊಂದು ಕೂಡಿ, ಒತ್ತಡದಿಂದ ಜಲಜಶಿಲೆಯಾಗಬೇಕು. ಆ ಶಿಲೆಯು ಭೂಗರ್ಭದ ಬೇಗೆಗೆ ಸಿಕ್ಕಿ ಕರಗದೆ, ಮಡಿಚಿ ಹೊಸೆಯಲ್ಪಡದೆ ಉಳಿಯಬೇಕು. ಕೊನೆಗೆ ಮಳೆಯೋ ಹೊಳೆಯೋ ಅದನ್ನು ಕೊರೆದು ಹೊರಗೆಡಹಬೇಕು. ಈ ನಿಬಂಧನೆಗಳಲ್ಲಿ ಒಂದು ತಪ್ಪಿದರೂ ಪಳೆಯುಳಿಕೆಯಿಲ್ಲ. ನಮ್ಮಲ್ಲಿ ತಪ್ಪಿರುವುದು ಒಂದಲ್ಲ.

ಬೆಳ್ತಂಗಡಿಯ ಗಡಾಯಿಕಲ್ಲನ್ನೇ ನೋಡೋಣ. ನರಸಿಂಹಗಡವೆಂದೂ, 1794ರಲ್ಲಿ ಟಿಪ್ಪುಸುಲ್ತಾನನು ಅಲ್ಲಿ ಕೋಟೆ ಕಟ್ಟಿಸಿದ ಬಳಿಕ ಜಮಾಲಾಬಾದ್ ಎಂದೂ ಹೆಸರಾದ ಆ ಏಕಶಿಲಾಪರ್ವತವನ್ನು ದೂರದಿಂದ ಕಂಡ ಯಾವ ಬಾಲಕನಿಗಾದರೂ, ಇಷ್ಟು ದೊಡ್ಡ ಕಲ್ಲಿನೊಳಗೆ ಏನೂ ಇಲ್ಲವೆಂದರೆ ನಂಬಿಕೆ ಬಾರದು. ಆದರೆ ಅದು ಗ್ರಾನೈಟ್ ಜಾತಿಯ ಕಲ್ಲು. ಭೂಗರ್ಭದ ಬೇಗೆಯಲ್ಲಿ ಬೆಂದು ಹುಟ್ಟಿದುದು. ಅಂಥ ಶಿಲೆಯಲ್ಲಿ ಜೀವಿಯ ಗುರುತು ಉಳಿಯಲು ಎಡೆಯೇ ಇಲ್ಲ. ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾಗಿರುವ ಪಟ್ಟೆಪಟ್ಟೆಯ ಕಲ್ಲನ್ನು ಭೂವಿಜ್ಞಾನಿಗಳು ಪರ್ಯಾಯದ್ವೀಪದ ನೈಸ್ ಎಂದು ಕರೆಯುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಅದರದೇ ಮಾದರಿಯೆಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಚಿಪ್ಪು, ಎಲುಬು ಮುಂತಾದ ಗಡಸು ಅಂಗಗಳುಳ್ಳ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡುದು ಈಗ್ಗೆ 54 ಕೋಟಿ ವರ್ಷಗಳ ಹಿಂದೆ ಮಾತ್ರ. ಕಲ್ಲು ಹುಟ್ಟಿದಾಗ ಅದರಲ್ಲಿ ಹುದುಗಿಕೊಳ್ಳಬೇಕಾದವರೇ ಇನ್ನೂ ಹುಟ್ಟಿರಲಿಲ್ಲ.

ಬಂಟ್ವಾಳ ತಾಲೂಕಿನ ಕಾರಿಂಜದ ಪಾದೆಯ ಮೇಲೆ ಈ ಮಾತನ್ನು ವಿವರಿಸಲು ಹೊರಟವನಿಗೆ ಬೇರೊಂದು ತೊಡಕು ಎದುರಾಗುತ್ತದೆ. ಅಲ್ಲಿನ ಗದಾತೀರ್ಥವು ಭೀಮಸೇನನ ಗದೆ ಬಿದ್ದು ಆದುದೆಂದೂ, ಜಾನುತೀರ್ಥವು ಅವನು ಮೊಣಕಾಲೂರಿದಾಗ ಮೂಡಿದುದೆಂದೂ ಊರವರು ಹೇಳುತ್ತಾರೆ. ಇದನ್ನು ಕೇಳಿದ ಹುಡುಗಿ, "ಹಾಗಾದರೆ ಅದೂ ಪಳೆಯುಳಿಕೆಯೇ ಅಲ್ಲವಾ ಮಾವ?" ಎಂದಳು. ಪ್ರಶ್ನೆ ದಡ್ಡತನದ್ದಲ್ಲ. ಪ್ರಾಣಿಯ ದೇಹವೇ ಉಳಿಯದೆ ಅದರ ಹೆಜ್ಜೆ, ಬಿಲ, ತೆವಳಿದ ಗೀರು ಮಾತ್ರ ಕಲ್ಲಿನಲ್ಲಿ ಉಳಿದಿದ್ದರೆ ಅದನ್ನೂ ವಿಜ್ಞಾನಿಗಳು ಪಳೆಯುಳಿಕೆಯೆಂದೇ ಎಣಿಸುತ್ತಾರೆ. ಗುರುತನ್ನು ನೋಡಿ, ಅದನ್ನು ಮೂಡಿಸಿದವನು ಯಾರು, ಎಷ್ಟು ಭಾರದವನು, ನಿಂತಿದ್ದನೋ ಓಡುತ್ತಿದ್ದನೋ ಎಂದು ಊಹಿಸುವ ಬುದ್ಧಿ ಐತಿಹ್ಯ ಕಟ್ಟಿದವರಲ್ಲಿಯೂ ಇದ್ದಿತು. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ: ಆ ಗುರುತು ಮೂಡುವಾಗ ನೆಲವು ಮೆತ್ತಗಿತ್ತೆ ಎಂದು ವಿಜ್ಞಾನ ಕೇಳುತ್ತದೆ. ಅಂಗಳದ ಹಸಿ ಸಿಮೆಂಟಿನ ಮೇಲೆ ನಡೆದುಹೋದ ನಾಯಿಯ ಪಾದದ ಅಚ್ಚು ನಮ್ಮ ಅನೇಕ ಮನೆಗಳಲ್ಲಿದೆ. ಮುಂಗಾಲು ಯಾವುದು, ಹಿಂಗಾಲು ಯಾವುದು, ನಾಯಿ ಯಾವ ದಿಕ್ಕಿಗೆ ಹೋಯಿತು, ಎಲ್ಲಿ ತಿರುಗಿತು ಎಂಬುದನ್ನು ಅಳತೆಪಟ್ಟಿ ಹಿಡಿದು ಓದುವುದಕ್ಕೆ ಅಲ್ಲಿ ಅವಳಿಗೆ ಒಂದು ಮಧ್ಯಾಹ್ನವೇ ಬೇಕಾಯಿತು.

ಮುರಕಲ್ಲಿನ ವಿಚಾರ ಬೇರೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಎಂಬವನು ಟಿಪ್ಪುವಿನ ಪತನಾನಂತರ ಮದರಾಸಿನಿಂದ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳ ಮೂಲಕ ಸಂಚರಿಸುತ್ತ, ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಪರೀಕ್ಷಿಸಿ, ಅಗೆಯುವಾಗ ಮೆತ್ತಗಿದ್ದು ಗಾಳಿಗೊಡ್ಡಿದಂತೆ ಗಟ್ಟಿಯಾಗುವ ಅದರ ಗುಣವನ್ನು ಕಂಡು, ಲ್ಯಾಟರೈಟ್ ಎಂಬ ಹೆಸರನ್ನು ಜಗತ್ತಿನ ಶಾಸ್ತ್ರಗ್ರಂಥಗಳಿಗೆ ಕೊಟ್ಟನು. ಅವನ ಪ್ರವಾಸಕಥನ ಅಚ್ಚಾದುದು 1807ರಲ್ಲಿ. 1801ರಲ್ಲಿ ಅವನು ನಮ್ಮ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ದಾರಿಯಾಗಿಯೇ ಹೋದವನು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ, ಬೆಚ್ಚನೆಯ ಮಳೆನೀರು ಮೂಲಶಿಲೆಯೊಳಕ್ಕೆ ಇಂಗಿ ಅದರಲ್ಲಿನ ಸುಣ್ಣ, ಸೋಡ, ಸಿಲಿಕಾಂಶಗಳನ್ನು ಯುಗಯುಗಗಳಿಂದ ತೊಳೆದೊಯ್ಯುತ್ತ ಬಂದುದರಿಂದ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮಿನ ಆಕ್ಸೈಡುಗಳು ಮೇಲೆ ಕೆಂಪು ಮುರಕಲ್ಲಾಗಿ ಉಳಿದಿವೆ; ಅದರ ತಳದಲ್ಲಿ ಬಿಳಿಯ ಶೇಡಿಮಣ್ಣು ನಿಂತಿದೆ. ಬಂಟ್ವಾಳ ತಾಲೂಕಿನ ಮಾಣಿಲದ ಕೃಷಿಕರು ನೀರಿಗಾಗಿ ಅಡ್ಡಲಾಗಿ ಸುರಂಗ ಕೊರೆಯುವುದು ಈ ಪದರಗಳಲ್ಲಿಯೇ. ಸುಣ್ಣವನ್ನೇ ಉಳಿಸದ ಮಣ್ಣು ಸುಣ್ಣದಿಂದಲೇ ಆದ ಚಿಪ್ಪನ್ನೂ ಎಲುಬನ್ನೂ ಉಳಿಸೀತೆ? ತೋಟದಲ್ಲಿ ಹೂಳಿದ ದನದ ಎಲುಬೇ ಕೆಲವು ದಶಕಗಳಲ್ಲಿ ಸವೆದುಹೋಗುವ ನೆಲವಿದು. ಮರುವಾಯಿಯ ಚಿಪ್ಪೊಂದನ್ನು ಲಿಂಬೆರಸದಲ್ಲಿ ಹಾಕಿ ನೊರೆಯೇಳುವುದನ್ನು ತೋರಿಸಿದರೆ ಮಗುವಿಗೆ ಇದು ಅರ್ಥವಾಗುತ್ತದೆ.

ಆದರೂ ಕೆಂಪುಕಲ್ಲಿನ ಕೋರೆಯಷ್ಟು ಪ್ರಲೋಭನೆಯ ಸ್ಥಳ ಮತ್ತೊಂದಿಲ್ಲ. ಕಡಿದ ಗೋಡೆಯ ತುಂಬ ಜೇನುಗೂಡಿನಂತೆ ತೂತುಗಳು, ಒಳಗೆ ಹಳದಿ ಮಣ್ಣು ತುಂಬಿದ ಕೊಳವೆಗಳು. ಹುಡುಗಿಗೆ ಪ್ರತಿಯೊಂದು ಕೊಳವೆಯೂ ಎಲುಬು, ಪ್ರತಿಯೊಂದು ಉಂಡೆಯೂ ಮೊಟ್ಟೆ. ಅವುಗಳಲ್ಲಿ ಕೆಲವು ಬೇರು ಇಳಿದ ದಾರಿಗಳು, ಕೆಲವು ಗೆದ್ದಲಿನ ಹಾದಿಗಳು, ಮಿಕ್ಕವು ನೀರು ತಾನೇ ತೊಳೆದು ಮಾಡಿದ ಪೊಳ್ಳುಗಳು. ಎಲುಬೆಂದರೆ ಎರಡು ತುದಿಗಳಲ್ಲಿ ಕೀಲಿನ ಆಕಾರವಿರಬೇಕು, ಅಡ್ಡ ಕತ್ತರಿಸಿದಲ್ಲಿ ಹೊರಗೆ ಗಟ್ಟಿ, ಒಳಗೆ ಜಾಲರಿಯ ರಚನೆಯಿರಬೇಕು ಎಂದು ತಿಳಿಸಿದ ಮೇಲೆ ಅವಳೇ ಒಂದೊಂದನ್ನೂ ತಿರಸ್ಕರಿಸತೊಡಗಿದಳು. ತಿರಸ್ಕರಿಸುವುದರಲ್ಲಿ ಮಕ್ಕಳಿಗೆ ಹೆಕ್ಕುವುದಕ್ಕಿಂತ ಹೆಚ್ಚಿನ ಸಂತೋಷವಿದೆಯೆಂಬುದು ನನಗೆ ಅಂದು ತಿಳಿಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ: ಕೈಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ ಆಳದ ಕೊಳಗಳಾಗುತ್ತವೆ, ಅವುಗಳ ಗೋಡೆ ನೆಟ್ಟಗೆ ಕಡಿದುದಾದ್ದರಿಂದ ಬಿದ್ದವರಿಗೆ ಹತ್ತಿ ಬರಲು ಹಿಡಿಯಿಲ್ಲ. ಮಕ್ಕಳನ್ನು ಅಂಥಲ್ಲಿಗೆ ಕರೆದೊಯ್ಯುವುದಾದರೆ ಬೇಸಗೆಯಲ್ಲಿ, ಧಣಿಗಳ ಅಪ್ಪಣೆ ಪಡೆದು, ಕೆಲಸ ನಡೆಯದ ಹೊತ್ತಿನಲ್ಲಿ ಮಾತ್ರ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯು 1430ರಲ್ಲಿ ಕಟ್ಟಿದ ಕಟ್ಟಡ. ಅದರ ಕಂಬಗಳ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥವೆಂದು ಇಷ್ಟರಲ್ಲಿ ಹುಡುಗಿಯೇ ನನಗೆ ಬೋಧಿಸುವ ಹಂತಕ್ಕೆ ಬಂದಿದ್ದಳು. ಆದರೆ ಭೈರಾದೇವಿ ಮಂಟಪದ ಪಾದದಲ್ಲಿ ಶಿಲ್ಪಿಗಳು ಜಿರಾಫೆಯನ್ನೂ ಚೀನೀ ಮಾದರಿಯ ಘಟಸರ್ಪವನ್ನೂ ಕೆತ್ತಿಟ್ಟಿದ್ದಾರಷ್ಟೆ. ಉದ್ದ ಕೊರಳಿನ ಪ್ರಾಣಿಯನ್ನು ಕಂಡೊಡನೆ ಅವಳ ಹಳೆಯ ಡೈನೊಸಾರು ಎಚ್ಚತ್ತಿತು. ಡೈನೊಸಾರುಗಳು ಅಳಿದು 6 ಕೋಟಿ 60 ಲಕ್ಷ ವರ್ಷಗಳಾದ ಮೇಲೆ ಬಂದ ಶಿಲ್ಪಿಗೆ ಅದರ ರೂಪ ಹೇಗೆ ತಿಳಿದೀತು ಎಂದು ನಾನು ಕೇಳಿದೆ. "ಜಿರಾಫೆ ಕೂಡ ಇಲ್ಲಿಯದಲ್ಲವಲ್ಲ, ಅದು ಹೇಗೆ ತಿಳಿಯಿತು?" ಎಂದು ಅವಳು ಕೇಳಿದಳು. ಕಡಲ ವ್ಯಾಪಾರದ ಕಥೆಯನ್ನು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಹೇಳಬೇಕಾಯಿತು. ಅದು ಈ ಲೇಖನದ ವಿಷಯವಲ್ಲ.

ನಿಜವಾದ ಪಳೆಯುಳಿಕೆ ಸಿಕ್ಕಿದುದು ಗುಡ್ಡದಲ್ಲಿಯೂ ಅಲ್ಲ, ಕೋರೆಯಲ್ಲಿಯೂ ಅಲ್ಲ; ಮನೆಯ ದೇವರಕೋಣೆಯಲ್ಲಿ. ತುಳುನಾಡಿನ ಎಷ್ಟೋ ವೈದಿಕರ ಮನೆಗಳಲ್ಲಿ ತಲೆಮಾರುಗಳಿಂದ ಅಭಿಷೇಕಗೊಳ್ಳುತ್ತ ಬಂದಿರುವ ಸಾಲಿಗ್ರಾಮವು, ಆಸ್ತಿಕರಿಗೆ ಸಾಕ್ಷಾತ್ ವಿಷ್ಣುವೇ ಆಗಿರುವಂತೆ, ಭೂವಿಜ್ಞಾನಿಗೆ ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಯಾಗಿದೆ. ನೇಪಾಳದ ಮುಸ್ತಾಂಗ್ ಸೀಮೆಯಲ್ಲಿ, ಮುಕ್ತಿನಾಥದ ಸುತ್ತಮುತ್ತ, ಕಾಳೀಗಂಡಕಿಯು ಕೊರೆದುಕೊಂಡು ಹರಿಯುವ ಕಪ್ಪು ಜೇಡಿಶಿಲೆಯ ಪದರಗಳಲ್ಲಿ ಇವು ಹುದುಗಿವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಸ್ಥಳವು ಟೆಥಿಸ್ ಎಂಬ ಸಮುದ್ರದ ತಳವಾಗಿದ್ದಿತು. ಸತ್ತ ಅಮೊನೈಟಿನ ಸುರುಳಿಚಿಪ್ಪು ತಳದ ಕರಿಕೆಸರಿನಲ್ಲಿ ಹೂತುಹೋದಾಗ ಅದರ ಸುತ್ತ ಖನಿಜವು ಹೆಪ್ಪುಗಟ್ಟಿ ಗುಂಡಾದ ಗಂಟಾಯಿತು. ಮುಂದೆ ಭಾರತದ ಭೂಭಾಗವು ಉತ್ತರಕ್ಕೆ ಸರಿದು ಏಷ್ಯಕ್ಕೆ ಢಿಕ್ಕಿಯಿಟ್ಟು, ಆ ಕಡಲತಳವೇ ಹಿಮಾಲಯದ ಎತ್ತರಕ್ಕೇರಿತು. ನದಿಯು ಗಂಟುಗಳನ್ನು ಕಿತ್ತು ಉರುಳಿಸಿ ನುಣುಪುಗೊಳಿಸಿತು. ಯಾತ್ರಿಕನು ಅದನ್ನು ಹೆಕ್ಕಿ, ಮಡಿಬಟ್ಟೆಯಲ್ಲಿ ಸುತ್ತಿ, ದಕ್ಷಿಣದ ಕಡಲತೀರಕ್ಕೆ ತಂದನು. ಪೆರಿಸ್ಫಿಂಕ್ಟಿಸ್, ಬ್ಲಾನ್‌ಫೋರ್ಡಿಸೆರಾಸ್ ಮುಂತಾದ ಕುಲನಾಮಗಳಿಂದ ಗ್ರಂಥಗಳಲ್ಲಿ ವರ್ಣಿತವಾದ ಜೀವಿಗಳೇ ನಮ್ಮ ಸಂಪುಟಗಳಲ್ಲಿ ಲಕ್ಷ್ಮೀನಾರಾಯಣ, ದಾಮೋದರ ಮುಂತಾದ ನಾಮಗಳಿಂದ ಪೂಜೆಗೊಳ್ಳುತ್ತಿವೆ.

ಅಜ್ಜ ಪೂಜೆ ಮುಗಿಸಿದ ಬಳಿಕ, ಮುಟ್ಟದೆ ನೋಡುವ ಕರಾರಿನ ಮೇಲೆ ಹುಡುಗಿಗೆ ಭೂತಗನ್ನಡಿ ಹಿಡಿಯಲು ಅವಕಾಶ ಸಿಕ್ಕಿತು. ಬಾಯಿತೆರೆದ ಸಾಲಿಗ್ರಾಮದ ಒಳಗೋಡೆಯಲ್ಲಿ ಚಕ್ರದ ಏಣುಗಳು ಒಂದರ ಪಕ್ಕದಲ್ಲೊಂದು ಸಮಾಂತರವಾಗಿ ಸಾಗಿ, ಒಳಕ್ಕೆ ಹೋದಂತೆ ಕಿರಿದಾಗುತ್ತಿದ್ದವು. ವಜ್ರಕೀಟವೆಂಬ ಹುಳವು ಕಲ್ಲನ್ನು ಕೊರೆದು ಈ ಚಕ್ರಗಳನ್ನು ರಚಿಸಿತೆಂಬ ಪುರಾಣಪ್ರಸಿದ್ಧವಾದ ಮಾತನ್ನು ಅಜ್ಜ ಹೇಳಿದರು. "ಆ ಹುಳ ಈಗ ಎಲ್ಲಿದೆ ಅಜ್ಜ?" "ಅದು ಹೋಗಿ ಎಷ್ಟೋ ಕಾಲವಾಯಿತು ಮಗಾ, ಅದರ ಮನೆ ಮಾತ್ರ ಉಂಟು." ನಾನು ಹೇಳಬೇಕೆಂದಿದ್ದುದನ್ನು ಅವರೇ ಹೇಳಿಬಿಟ್ಟರು. ಕಲ್ಲಿನೊಳಗಿನ ಚಕ್ರವು ಜೀವಿಯೊಂದರ ಕೃತಿಯೆಂಬುದನ್ನು ಪುರಾಣಕಾರನು ಒಪ್ಪಿದ್ದಾನೆ. ಹುಳವು ಸಿದ್ಧವಾದ ಕಲ್ಲನ್ನು ಕೊರೆಯಲಿಲ್ಲ, ತನ್ನ ಚಿಪ್ಪನ್ನು ತಾನೇ ಕಟ್ಟಿಕೊಂಡು ವಾಸಿಸಿತು, ಕಲ್ಲು ಆಮೇಲೆ ಬಂದಿತು ಎಂಬಷ್ಟು ತಿದ್ದುಪಡಿಯನ್ನು ಮಾತ್ರ ವಿಜ್ಞಾನವು ಸೂಚಿಸುತ್ತದೆ. ಇಂಗ್ಲೆಂಡಿನ ವಿಟ್ಬಿ ಎಂಬ ಊರಿನಲ್ಲಿ ಇದೇ ಅಮೊನೈಟನ್ನು ಜನರು ಸಂತಳೊಬ್ಬಳ ಶಾಪದಿಂದ ಕಲ್ಲಾದ ಹಾವೆಂದು ನಂಬಿ, ತಲೆಯಿಲ್ಲದ ಕೊರತೆಯನ್ನು ನೀಗಿಸಲು ಅದಕ್ಕೆ ತಲೆ ಕೆತ್ತಿ ಮಾರುತ್ತಿದ್ದರು. ನಾಗಬನಗಳ ನಾಡಿನವರಾದ ನಾವು ಅದನ್ನು ಹಾವೆನ್ನದೆ ಚಕ್ರವೆಂದುದು ನನಗೆ ಇಂದಿಗೂ ಸೋಜಿಗ.

ಅಮೊನೈಟುಗಳು ಡೈನೊಸಾರುಗಳ ಜೊತೆಯಲ್ಲಿಯೇ ನಿರ್ವಂಶವಾದವು. ಅವುಗಳ ಬಂಧುಗಳು ಮಾತ್ರ ಇಂದಿಗೂ ಕಡಲಿನಲ್ಲಿವೆ: ಅಷ್ಟಪದಿ, ನಾಟಿಲಸ್, ಮತ್ತು ಮಂಗಳೂರಿನ ಮೀನುಮಾರುಕಟ್ಟೆಯಲ್ಲಿ ಬುಟ್ಟಿಗಟ್ಟಲೆ ಬಂದಿಳಿಯುವ ಬೊಂಡಾಸ್ ಎಂಬ ಸ್ಕ್ವಿಡ್. ಈ ಸಂಬಂಧವನ್ನು ಪೂಜೆಯ ಹೊತ್ತಿನಲ್ಲಿ ಎತ್ತದಿರುವುದು ಲೇಸು. ಸಾಲಿಗ್ರಾಮವನ್ನು ಒಡೆದು ನೋಡುವ, ಆಮ್ಲ ಹಚ್ಚಿ ಪರೀಕ್ಷಿಸುವ ಮಾತಂತೂ ಕೂಡದು. ದೇವರ ಕಾರಣಕ್ಕೂ ಕೂಡದು, ಮಾದರಿಯ ಕಾರಣಕ್ಕೂ ಕೂಡದು.

ದೇವರಕೋಣೆಯಿಲ್ಲದವರಿಗೆ ನೆಲವುಂಟು. ಮದುವೆಮಂಟಪ, ಬಟ್ಟೆಯಂಗಡಿ, ಹೊಸ ಮನೆಗಳಿಗೆ ಹಾಸುವ ಹಳದಿ ಜೈಸಲ್ಮೇರ್ ಕಲ್ಲು ಜಲಜಶಿಲೆ. ಅದರ ಹೊಳಪಿನಲ್ಲಿ ಚಿಪ್ಪುಗಳ ಅಡ್ಡಸೀಳಿಕೆಗಳು ಬಾಗಿದ ಗೆರೆಗಳಾಗಿ, ಕೊಕ್ಕೆಗಳಾಗಿ ಕಾಣುವುದುಂಟು. ಇಟಾಲಿಯನ್ ಮಾರ್ಬಲ್ ಎಂದು ಮಾರುವ ಎಷ್ಟೋ ತಿಳಿಬಣ್ಣದ ಹಾಸುಗಲ್ಲುಗಳು ವಾಸ್ತವವಾಗಿ ಅಮೃತಶಿಲೆಯಲ್ಲ, ಹೊಳಪು ಕೊಟ್ಟ ಸುಣ್ಣಕಲ್ಲು, ಅವುಗಳಲ್ಲಿಯೂ ಹುಡುಕಬಹುದು. ಮಕ್ರಾನದ ನಿಜವಾದ ಅಮೃತಶಿಲೆಯು ಬೇಗೆಯಲ್ಲಿ ಪುನಃ ಸ್ಫಟಿಕಗೊಂಡುದರಿಂದ ಅದರಲ್ಲಿ ಏನೂ ಉಳಿದಿಲ್ಲ. ಶಹಾಬಾದ್ ಕಲ್ಲಿನ ಸೀಳಿಕೆಗಳಲ್ಲಿ ಜರಿಗಿಡದ ಎಲೆಯೇ ಎನಿಸುವ ಕಪ್ಪು ಚಿತ್ತಾರಗಳು ಕಂಡರೆ ಮೋಸಹೋಗಬಾರದು. ಬಿರುಕಿನಲ್ಲಿ ನುಗ್ಗಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕವಲುಗಳವು, ನಡುನರವೂ ಇಲ್ಲ, ಅಂಚೂ ಇಲ್ಲ. ಇನ್ನೊಂದು ವಂಚನೆ ತೀರ ಇತ್ತೀಚಿನದು. ನೆಂಟರ ಮನೆಯ ಸಮಾರಂಭದಲ್ಲಿ ಮೇಜಿನಡಿ ತೆವಳುತ್ತಿದ್ದ ಹುಡುಗಿ ಒಂದು ಸುಂದರವಾದ ಶಂಖವನ್ನು ನೆಲದಲ್ಲಿ ಪತ್ತೆಮಾಡಿ ನನ್ನನ್ನು ಕರೆದಳು; ಸ್ವಲ್ಪ ಹೊತ್ತಿನ ಮೇಲೆ ಅದೇ ಶಂಖ, ಅದೇ ಮುರಿದ ತುದಿಯೊಂದಿಗೆ, ಊಟದ ಪಂಕ್ತಿಯ ಇನ್ನೊಂದು ಕೊನೆಯಲ್ಲಿಯೂ ಇರುವುದನ್ನು ಅವಳೇ ಕಂಡಳು. ಕಾರ್ಖಾನೆಯ ಟೈಲಿನ ಮೇಲೆ ಯಂತ್ರವು ಮುದ್ರಿಸಿದ ಚಿತ್ರವದು. ಪ್ರಕೃತಿಯು ಎರಡು ಚಿಪ್ಪುಗಳನ್ನು ಒಂದೇ ರೀತಿಯಲ್ಲಿ ಮುರಿಯುವುದಿಲ್ಲವೆಂಬ ತೀರ್ಮಾನಕ್ಕೆ ನನ್ನ ಸಹಾಯವಿಲ್ಲದೆ ಬಂದುದಕ್ಕಾಗಿ ಅವಳಿಗೆ ಎರಡನೆಯ ಸಲ ಪಾಯಸ ಬಡಿಸಿಸಿದೆ.

ಮನೆಯಲ್ಲಿ ಕೂಡ ಪಳೆಯುಳಿಕೆ ಮಾಡಿಸಬಹುದು. ಶೇಡಿಮಣ್ಣನ್ನು ನುಣ್ಣಗೆ ಕಲಸಿ, ಹಲಸಿನ ಎಲೆಯ ಬೆನ್ನನ್ನು ಅದಕ್ಕೊತ್ತಿ, ಮೇಲೆ ಮತ್ತೊಂದು ಪದರ ಮಣ್ಣು ಹಾಕಿ ಒಣಗಿಸಿ ಸೀಳಿದರೆ, ಅಚ್ಚೂ ಪಡಿಯಚ್ಚೂ ಎರಡೂ ಕೈಗೆ ಬರುತ್ತವೆ. ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲಿಯೇ ಹೇಳಲು 1930ರ ದಶಕದಲ್ಲಿಯೇ ಬಾಲಪ್ರಪಂಚವನ್ನು ಹೊರತಂದ ಶಿವರಾಮ ಕಾರಂತರು ನಮ್ಮ ನೆರೆಯ ಪುತ್ತೂರಿನಲ್ಲಿದ್ದವರು. ಅವರ ಬಾಲವನವನ್ನು ನೋಡಲು ಹೋದ ಮಗುವಿಗೆ ಕೈಯಲ್ಲಿ ಮಣ್ಣು ಹಿಡಿಸಲು ಹಿಂಜರಿಯಬೇಕಾಗಿಲ್ಲ.

ಕರ್ನಾಟಕದ ಮಣ್ಣಿನದೇ ಪಳೆಯುಳಿಕೆ ಬೇಕೆನ್ನುವವರು ಘಟ್ಟ ಹತ್ತಬೇಕು. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸಸಾಗರದ ಬಳಿಯ ಸುಣ್ಣದಂಶದ ಶಿಲೆಗಳಲ್ಲಿಯೂ, ಶಿವಮೊಗ್ಗದ ಕುಂಸಿಯ ಕಡೆಯಲ್ಲಿಯೂ ಸ್ಟ್ರೊಮಟೊಲೈಟುಗಳೆಂಬ ಪದರಪದರದ ಗುಮ್ಮಟಾಕೃತಿಗಳಿವೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪೊರೆಯು ಹೂಳನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು, ಮತ್ತೆ ಹೂಳು ಹಿಡಿದು ಕಟ್ಟಿದ ರಚನೆಗಳವು. ಬಾಗಲಕೋಟೆಯ ಸುಣ್ಣಕಲ್ಲುಗಳಲ್ಲಿಯೂ ಅವುಗಳ ಕಿರಿಯ ಸಂತತಿಯುಂಟು. ಇಂಥ ಕಲ್ಲನ್ನು ಕಂಡಲ್ಲಿ ಬಿಟ್ಟು ಚಿತ್ರ ತೆಗೆದುಕೊಂಡು ಬರುವುದೇ ಸರಿಯಾದ ಕ್ರಮ. ಪಾಚಿಯಂಥ ಅಲ್ಪಜೀವಿಗಳ ಪಳೆಯುಳಿಕೆಗಾಗಿ ಶ್ರಮಿಸಿದವರೂ ನಮ್ಮಲ್ಲಿದ್ದರು: ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾಯರು ಯುರೋಪಿನ ಜೂಲಿಯಸ್ ಪಿಯಾ ಎಂಬ ತಜ್ಞನೊಂದಿಗೆ ಕೂಡಿ, ತಿರುಚಿನಾಪಳ್ಳಿ ಸೀಮೆಯ ನಿನಿಯೂರಿನ ಶಿಲಾಪಾಚಿಗಳನ್ನು ಕುರಿತು 1936ರಲ್ಲಿ ಬರೆದ ಪ್ರಬಂಧವನ್ನು ಆ ಶಾಸ್ತ್ರದವರು ಇಂದಿಗೂ ಸ್ಮರಿಸುತ್ತಾರೆ.

ಘಟ್ಟದ ಮೇಲಿನ ಪ್ರವಾಸವು ಪರೀಕ್ಷೆಗಳು ಮುಗಿಯುವವರೆಗೆ ಆಗುವಂತಿರಲಿಲ್ಲವಾದ್ದರಿಂದ, ಆ ಗುಮ್ಮಟಗಳನ್ನು ಕಟ್ಟಿದವರ ಬಳಗವನ್ನಾದರೂ ತೋರಿಸುತ್ತೇನೆಂದು ಹುಡುಗಿಯನ್ನು ಮತ್ತೆ ಪಾದೆಯ ಕಡೆಗೆ ಕರೆದೊಯ್ದೆ. ಗಡಾಯಿಕಲ್ಲಿನ ಮೈಮೇಲೆ ನೀರಿಳಿಯುವ ಜಾಡಿನಲ್ಲೆಲ್ಲ ಕಾಣುವ ಕಪ್ಪು ಪಟ್ಟೆಗಳು ಕಲ್ಲಿನ ಬಣ್ಣವಲ್ಲ. ಬೇಸಗೆಯಲ್ಲಿ ಒಣಗಿ ಹಕ್ಕಳೆಗಟ್ಟಿ, ಮೊದಲ ಮಳೆಗೆ ಜೀವತಳೆಯುವ ನೀಲಿಹಸುರು ಸೂಕ್ಷ್ಮಾಣುಗಳು, ಸ್ಟ್ರೊಮಟೊಲೈಟು ಕಟ್ಟಿದವುಗಳ ದೂರದ ದಾಯಾದಿಗಳು. ಪ್ರಾಚೀನ ಸಮುದ್ರಗಳಲ್ಲಿ ಇವುಗಳ ಪೂರ್ವಜರು ಬಿಟ್ಟ ಆಮ್ಲಜನಕವೇ ವಾಯುಮಂಡಲವನ್ನು ತುಂಬಿತು. ಆಟಿಯ ಮಳೆಯಲ್ಲಿ ನಮ್ಮ ಕಾಲು ಜಾರಿಸುವುದೂ ಇವೇ ಎಂದು ಹೇಳಿದಾಗ, ಎಲುಬು ಸಿಗದ ನಿರಾಶೆಯನ್ನು ಸಂಪೂರ್ಣವಾಗಿ ಮರೆತಿರದ ಅವಳು ಭೂತಗನ್ನಡಿಯನ್ನು ಆ ಕಪ್ಪಿನ ಮೇಲೆ ಹಿಡಿದು ನೋಡಿ, "ಇದಕ್ಕೆ ಸ್ವಲ್ಪ ನೀರು ಹಾಕಿ ನೋಡುವನಾ ಮಾವ?" ಎಂದಳು. ಬಾಟಲಿಯಲ್ಲಿ ಉಳಿದಿದ್ದ ಕುಡಿಯುವ ನೀರೆಲ್ಲ ಅದಕ್ಕೇ ಖರ್ಚಾಯಿತು.